ಹೊರಗಿನ ಚಳಿಯಿಂದಲೇ ಮನೆಗೆ ಬಿಸುಪು

ನಮ್ಮ ನಾಡಿನಲ್ಲಿ ಚಳಿಗಾಲವೆಂದರೆ ಒಂದು ಕಂಬಳಿಯನ್ನು ಹೆಚ್ಚಾಗಿ ಹೊದೆಯುವ, ಬೆಳಗಿನ ಎಳೆಬಿಸಿಲಿಗೆ ಮೈಯೊಡ್ಡುವ ಕಾಲ. ನಾರ್ವೆ, ಸ್ವೀಡನ್, ಫಿನ್ಲೆಂಡ್ ದೇಶಗಳ ಒಳನಾಡಿನಲ್ಲಾದರೋ ಹಿಮವು ತಿಂಗಳುಗಟ್ಟಲೆ ಕರಗದೆ ನಿಲ್ಲುತ್ತದೆ. ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವ ರಾತ್ರಿಗಳು ಅಲ್ಲಿ ಅಪರೂಪವಲ್ಲ. ಅಂಥ ರಾತ್ರಿ ಮನೆ ತಣ್ಣಗಾದರೆ ಹಸುಗೂಸುಗಳ, ವೃದ್ಧರ ಜೀವಕ್ಕೇ ಅಪಾಯ. ಅದಕ್ಕಾಗಿ ಆ ಜನ ತಲೆಮಾರುಗಳಿಂದ ಕಟ್ಟಿಗೆ, ಕಲ್ಲಿದ್ದಲು, ತೈಲಗಳನ್ನು ಉರಿಸುತ್ತ ಬಂದರು. ಇಂದು ಅದೇ ದೇಶಗಳ ಲಕ್ಷಾಂತರ ಕುಟುಂಬಗಳು ಮನೆಯಲ್ಲಿ ಏನನ್ನೂ ಉರಿಸದೆ, ಹೊರಗಿನ ತಣ್ಣನೆಯ ಗಾಳಿಯಿಂದಲೇ ಶಾಖವನ್ನು ಒಳಗೆ ತರುವ ಯಂತ್ರವನ್ನು ನೆಚ್ಚಿಕೊಂಡಿವೆ. ಅದುವೇ ಉಷ್ಣಪಂಪು, ಅಂದರೆ ಹೀಟ್ ಪಂಪ್.

ಮಕ್ಕಳು ಯೂರೋಪು, ಅಮೆರಿಕಗಳಲ್ಲಿ ನೆಲೆಸಿರುವ ಕುಟುಂಬಗಳು ಇಂದು ನಮ್ಮಲ್ಲಿ ಕಡಿಮೆಯಿಲ್ಲ. ಅಲ್ಲಿಗೆ ಹೋದ ತಂದೆತಾಯಿಗಳು ಗೋಡೆಯ ಮೇಲಿನ ಪೆಟ್ಟಿಗೆಯನ್ನು ಕಂಡು, ಇಂಥ ಚಳಿಯಲ್ಲಿ ಏ.ಸಿ. ಏಕೆ ಎಂದು ಬೆರಗಾಗುವುದು ಸಹಜ. ಆ ಪೆಟ್ಟಿಗೆಯ ಮರ್ಮವನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸುತ್ತೇವೆ.

ಚಳಿಗಾಳಿಯಲ್ಲಿ ಶಾಖವೆಲ್ಲಿ?

ವಿಜ್ಞಾನದ ಲೆಕ್ಕದಂತೆ ಶಾಖವು ತೀರ ಬರಿದಾಗುವುದು ಸೊನ್ನೆಗಿಂತ ಸುಮಾರು 273 ಡಿಗ್ರಿ ಕೆಳಗೆ. ಆದುದರಿಂದ ಸೊನ್ನೆಗಿಂತ 20 ಡಿಗ್ರಿ ಕೆಳಗಿರುವ ಗಾಳಿಯಲ್ಲಿಯೂ ಶಾಖ ಧಾರಾಳವಾಗಿಯೇ ಇದೆ. ತೊಡಕು ಒಂದೇ: ನೀರು ಎತ್ತರದಿಂದ ತಗ್ಗಿಗೆ ಹರಿಯುವಂತೆ, ಶಾಖವು ಬಿಸಿಯಿಂದ ತಂಪಿನೆಡೆಗೆ ಮಾತ್ರ ತಾನಾಗಿ ಹರಿಯುತ್ತದೆ. ಬಾವಿಯ ನೀರನ್ನು ಮೇಲೆತ್ತಲು ಪಂಪ್‌ಸೆಟ್ಟು ಬೇಕಾಗುವಂತೆ ಶಾಖವನ್ನು ಮೇಲೆತ್ತುವುದಕ್ಕೂ ಒಂದು ಪಂಪು ಬೇಕು.

ನಮ್ಮ ಅಡುಗೆಮನೆಯ ಫ್ರಿಜ್ಜು ಮಾಡುತ್ತಿರುವುದೂ ಇದೇ ಕೆಲಸವನ್ನು. ಅದು ಒಳಗಿನ ಶಾಖವನ್ನು ಹೊರಹಾಕುವುದರಿಂದ ಅದರ ಹಿಂಬದಿ ಬೆಚ್ಚಗಿರುವುದನ್ನು ಗೃಹಿಣಿಯರೆಲ್ಲ ಬಲ್ಲರು. ಉಷ್ಣಪಂಪಿನ ಪಾಲಿಗೆ ಹೊರಗಿನ ಬಯಲೇ ಫ್ರಿಜ್ಜಿನ ಒಳಭಾಗ. ವಾಸದ ಕೋಣೆಯೇ ಹಿಂಬದಿ.

ಯಂತ್ರದ ಕೊಳವೆಗಳಲ್ಲಿ ಬಹು ಕಡಿಮೆ ಉಷ್ಣತೆಯಲ್ಲಿ ಕುದಿಯುವ ದ್ರವವೊಂದು ಸುತ್ತುತ್ತಿರುತ್ತದೆ. ಉದಾಹರಣೆಗೆ, ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೇ ಕುದಿಯುತ್ತದೆ. ಮಣ್ಣಿನ ಹೂಜಿಯ ಮೈಯಿಂದ ಆರುವ ನೀರು ಒಳಗಿನ ನೀರಿನ ಶಾಖವನ್ನು ಸೆಳೆದೊಯ್ಯುವಂತೆ, ಈ ದ್ರವವು ಹೊರಗಿನ ಪೆಟ್ಟಿಗೆಯಲ್ಲಿ ಆವಿಯಾಗುತ್ತ ಗಾಳಿಯ ಶಾಖವನ್ನು ಹೀರುತ್ತದೆ. ವಿದ್ಯುತ್ತಿನಿಂದ ನಡೆಯುವ ಕಂಪ್ರೆಸರ್ ಆ ಆವಿಯನ್ನು ಒತ್ತುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವಂತೆ, ಒತ್ತಿದ ಆವಿಯೂ ಬಿಸಿಯೇರುತ್ತದೆ. ಅದು ಮನೆಯೊಳಗೆ ಬಂದು ಶಾಖವನ್ನು ಬಿಟ್ಟುಕೊಟ್ಟು ಮತ್ತೆ ದ್ರವವಾಗಿ, ಒತ್ತಡ ಕಳೆದುಕೊಂಡು ಹೊರಕ್ಕೆ ಮರಳುತ್ತದೆ.

ಸಾಧಾರಣ ಹೀಟರು 1 ಯೂನಿಟ್ ವಿದ್ಯುತ್ತಿನಿಂದ 1 ಯೂನಿಟ್ ಶಾಖವನ್ನಷ್ಟೇ ಕೊಡಬಲ್ಲದು. ಉಷ್ಣಪಂಪು ಒಂದು ಚಳಿಗಾಲದ ಸರಾಸರಿಯಲ್ಲಿ ಸುಮಾರು 3 ಯೂನಿಟ್ ಶಾಖವನ್ನು ತರುತ್ತದೆ. ಇಲ್ಲಿ ವಿದ್ಯುತ್ತು ಹೊರುವವನ ಕೂಲಿ ಮಾತ್ರ. ಸರಕು ಗಾಳಿಯಲ್ಲಿ ಪುಕ್ಕಟೆ ದೊರೆಯುತ್ತದೆ. ಕಡುಚಳಿಯಲ್ಲಿ ಈ ಪ್ರಮಾಣ 2ರ ಸುಮಾರಿಗೆ ಇಳಿದರೂ ಅದು ಹೀಟರಿನ ಇಮ್ಮಡಿಯೇ ಸರಿ.

ತೈಲದ ಪೆಟ್ಟು ಕಲಿಸಿದ ಪಾಠ

ಈ ತತ್ತ್ವ ಹೊಸದಲ್ಲ. 1852ರಲ್ಲಿ ಬ್ರಿಟನ್ನಿನ ವಿಜ್ಞಾನಿ ಲಾರ್ಡ್ ಕೆಲ್ವಿನ್ ಇದನ್ನು ಸೂಚಿಸಿದ್ದರು. 1938ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಪುರಭವನವನ್ನು ಪಕ್ಕದ ಲಿಮ್ಮಾತ್ ನದಿಯ ತಣ್ಣೀರಿನ ಶಾಖದಿಂದಲೇ ಬೆಚ್ಚಗೆ ಮಾಡಲಾಯಿತು. ಆದರೆ ತೈಲ ಅಗ್ಗವಾಗಿದ್ದ ಕಾಲದಲ್ಲಿ ಜನಸಾಮಾನ್ಯರಿಗೆ ಇದು ಬೇಕೆನಿಸಲಿಲ್ಲ. 1973ರಲ್ಲಿ ತೈಲದ ಬೆಲೆ ಹಠಾತ್ತಾಗಿ ಏರಿದಾಗ ಸ್ವೀಡನ್ನಿನಂಥ ದೇಶಗಳು ತಮ್ಮ ಮನೆಯ ಬಿಸುಪು ಪರರ ಕೈಯಲ್ಲಿರುವುದನ್ನು ಅರಿತುಕೊಂಡವು. 2020ರಿಂದ ನಾರ್ವೆಯು ಕಟ್ಟಡಗಳನ್ನು ಬಿಸಿಮಾಡಲು ಖನಿಜ ತೈಲ ಉರಿಸುವುದನ್ನು ನಿಷೇಧಿಸಿದೆ. ಅಲ್ಲಿ ಇಂದು 100 ಮನೆಗಳಲ್ಲಿ ಸುಮಾರು 60 ಮನೆಗಳಿಗೆ ಉಷ್ಣಪಂಪು ಬಂದಿದೆ. ಅಮೆರಿಕದ ಮೇನ್ ರಾಜ್ಯವು 2025ರೊಳಗೆ 1 ಲಕ್ಷ ಯಂತ್ರಗಳನ್ನು ಹಾಕಿಸುವ ಗುರಿಯಿಟ್ಟುಕೊಂಡು 2023ರಲ್ಲಿಯೇ ಅದನ್ನು ಮುಟ್ಟಿತು. 2022ರಲ್ಲಿ ಉಕ್ರೇನ್ ಯುದ್ಧದಿಂದ ಅನಿಲದ ಬೆಲೆ ಗಗನಕ್ಕೇರಿದಾಗ ಜರ್ಮನಿಯ ಗೃಹಸ್ಥರೂ 1973ರ ಪಾಠವನ್ನೇ ಮತ್ತೆ ಓದಬೇಕಾಯಿತು.

ಮನೆಯೂ ಸಿದ್ಧವಾಗಿರಬೇಕು

ಹಾಗೆಂದು ಇದು ಎಲ್ಲಕ್ಕೂ ರಾಮಬಾಣವೆಂದು ನಾವು ಹೇಳಲಾರೆವು. ತೂತುಬಿದ್ದ ಕೊಡಕ್ಕೆ ಎಷ್ಟು ನೀರು ಸುರಿದರೂ ತುಂಬದು. ಗೋಡೆ, ಮಾಳಿಗೆ, ಕಿಟಕಿಗಳಿಂದ ಶಾಖ ಸೋರುವ ಮನೆಯಲ್ಲಿ ಉಷ್ಣಪಂಪು ಎಡೆಬಿಡದೆ ದುಡಿದರೂ ಚಳಿ ಹೋಗದು. ವಿದ್ಯುತ್ ಬಿಲ್ಲು ಮಾತ್ರ ಏರುತ್ತದೆ. ಉತ್ತರದ ದೇಶಗಳಲ್ಲಿ ಇದು ಗೆದ್ದುದಕ್ಕೆ ಅಲ್ಲಿನ ದಪ್ಪ ಗೋಡೆ, ಮೂರು ಪದರದ ಗಾಜಿನ ಕಿಟಕಿಗಳೂ ಕಾರಣ. ಯಂತ್ರವನ್ನು ಕೂರಿಸುವ ಮೊದಲ ವೆಚ್ಚ ದೊಡ್ಡದು. ಬಾಡಿಗೆ ಮನೆಯವರಿಗೆ, ಸಣ್ಣ ಸಂಬಳದವರಿಗೆ ಸರ್ಕಾರದ ನೆರವಿಲ್ಲದೆ ಅದು ಎಟುಕದು. ವಿದ್ಯುತ್ತು ಕಲ್ಲಿದ್ದಲಿನಿಂದ ಬರುವ ಊರಿನಲ್ಲಿ ಹೊಗೆಯ ಉಳಿತಾಯವೂ ಕಡಿಮೆ. ನಾರ್ವೆಗೆ ಜಲವಿದ್ಯುತ್ತಿನ ಭಾಗ್ಯವಿದೆ. ವಿದ್ಯುತ್ತು ನಿಂತರೆ ಪಂಪೂ ನಿಲ್ಲುವುದರಿಂದ ಅಲ್ಲಿನ ಜಾಣ ಗೃಹಸ್ಥರು ಕಟ್ಟಿಗೆಯ ಒಲೆಯನ್ನು ಇನ್ನೂ ಕಿತ್ತುಹಾಕಿಲ್ಲ.

ಚಳಿನಾಡಿಗೆ ಪ್ರಯಾಣ ಬೆಳೆಸುವ ಹಿರಿಯರಿಗೆ ಎರಡು ಕಿವಿಮಾತು. ಹೊರಗಿನ ಪೆಟ್ಟಿಗೆಯಿಂದ ಆಗಾಗ ಬಿಳಿಯ ಆವಿ ಏಳುವುದನ್ನು ಕಂಡು ಗಾಬರಿಯಾಗಬೇಡಿ. ಯಂತ್ರವು ತನ್ನ ಮೈಮೇಲೆ ಕಟ್ಟಿದ ಮಂಜನ್ನು ತಾನೇ ಕರಗಿಸಿಕೊಳ್ಳುತ್ತಿರುತ್ತದೆ. ಚಳಿಯಾಯಿತೆಂದು ಗುಂಡಿಯೊತ್ತಿ ಒಮ್ಮೆಗೇ 28 ಡಿಗ್ರಿಗೆ ಏರಿಸುವುದಕ್ಕಿಂತ, 20-21 ಡಿಗ್ರಿಯಲ್ಲಿ ನಿಲ್ಲಿಸಿ ಸ್ವೆಟರು, ಕಾಲುಚೀಲ ತೊಟ್ಟು ಕುಳಿತರೆ ಮೈಯೂ ಬೆಚ್ಚಗಿರುತ್ತದೆ, ಮಕ್ಕಳ ಬಿಲ್ಲೂ ಹಿತಮಿತವಾಗಿರುತ್ತದೆ.