ಉಕ್ತಲೇಖನ ಕಾವಲಿಗೆ ನಿಂತ ಕಥೆ

ವಾರಕ್ಕೊಮ್ಮೆ ನಾವು ತರಗತಿಯಲ್ಲಿ ಉಕ್ತಲೇಖನ ಬರೆಸುತ್ತೇವೆ. ಒತ್ತಕ್ಷರ, ದೀರ್ಘ ತಪ್ಪಿದರೆ ಕೆಂಪು ಗೆರೆ. ಹತ್ತು ಸಲ ತಿದ್ದಿ ಬರೆದರೆ ಅಲ್ಲಿಗೆ ಮುಗಿಯಿತು. ಇದೇ ಉಕ್ತಲೇಖನವನ್ನು ಒಂದು ದೇಶ ತನ್ನ ಬಂದರುಗಳಲ್ಲಿ ಕಾವಲಿಗೆ ನಿಲ್ಲಿಸಿತ್ತೆಂದರೆ ವಿದ್ಯಾರ್ಥಿಗಳು ನಂಬಲಾರರು.

ಆಸ್ಟ್ರೇಲಿಯಾ 1901ರಲ್ಲಿ ವಲಸೆ ನಿರ್ಬಂಧದ ಕಾಯಿದೆ ಮಾಡಿತು. ಬಿಳಿಯರಲ್ಲದವರು ಬರಕೂಡದೆಂಬುದೇ ಅದರ ಉದ್ದೇಶ. ಆದರೆ ಹಾಗೆಂದು ಬಾಯಿಬಿಟ್ಟು ಬರೆದರೆ ಭಾರತದ ಪ್ರಜೆಗಳಿಗೂ ಜಪಾನಿಗೂ ನೋವಾಗುತ್ತದೆಂದು ಬ್ರಿಟಿಷ್ ಸರ್ಕಾರಕ್ಕೆ ಅಳುಕು. ಆದ್ದರಿಂದ ದಕ್ಷಿಣ ಆಫ್ರಿಕದ ನೆಟಾಲ್ 1897ರಲ್ಲಿ ಹೂಡಿದ್ದ ಉಪಾಯವನ್ನೇ ಎತ್ತಿಕೊಂಡರು: ಭಾಷಾ ಪರೀಕ್ಷೆ. ಅಧಿಕಾರಿಯು ಯುರೋಪಿನ ಯಾವುದಾದರೊಂದು ಭಾಷೆಯಲ್ಲಿ 50 ಪದಗಳನ್ನು ಓದುವನು. ಹಡಗಿನಿಂದ ಇಳಿದವನು ಬರೆಯಬೇಕು. ಭಾಷೆಯನ್ನು ಆರಿಸುವವನೂ ಅಧಿಕಾರಿಯೇ! ಮನೆಯಲ್ಲಿ ಕನ್ನಡ, ಶರವಣಂಪಟ್ಟಿಯ ಬೀದಿಯಲ್ಲಿ ತಮಿಳು, ಪಾಠದಲ್ಲಿ ಇಂಗ್ಲಿಷ್ ಬಲ್ಲ ನಮ್ಮ ಹುಡುಗ ಹೋಗಿದ್ದರೆ ಅವನಿಗೆ ಸ್ವೀಡಿಷ್ ಓದಿದರೂ ಕೇಳುವವರಿರಲಿಲ್ಲ. 1909ರ ನಂತರ ಒಬ್ಬರೂ ಉತ್ತೀರ್ಣರಾಗಲಿಲ್ಲ. 1958ರವರೆಗೂ ಈ ಪರೀಕ್ಷೆ ಕಾಯಿದೆಯಲ್ಲಿ ಉಳಿದಿತ್ತು.

ಮೊದಲ ಮಹಾಯುದ್ಧ ಮುಗಿದು, 1919ರಲ್ಲಿ ಪ್ಯಾರಿಸ್ಸಿನಲ್ಲಿ ರಾಷ್ಟ್ರಸಂಘದ ಒಡಂಬಡಿಕೆ ಸಿದ್ಧವಾಗುತ್ತಿತ್ತು. ಜನಾಂಗಭೇದ ಕೂಡದೆಂದು ಜಪಾನಿನ ಪ್ರತಿನಿಧಿ ಮಕಿನೊ ಫೆಬ್ರವರಿಯಲ್ಲಿ ಕೇಳಿದರು. ಅದು ನಡೆಯದಾಗ, 'ಜನಾಂಗ' ಎಂಬ ಶಬ್ದವನ್ನೇ ಬಿಟ್ಟು, ರಾಷ್ಟ್ರಗಳ ಸಮಾನತೆಯೆಂಬ ಮಾತನ್ನಾದರೂ ಪೀಠಿಕೆಯಲ್ಲಿ ಸೇರಿಸಿರೆಂದರು. (ಆಗ ಕೊರಿಯವನ್ನು ಅದುಮಿಟ್ಟಿದ್ದ ಜಪಾನಿನ ಕೈಯೂ ಶುದ್ಧವಾಗಿರಲಿಲ್ಲ.) ಆಸ್ಟ್ರೇಲಿಯಾದ ಪ್ರಧಾನಿ ಹ್ಯೂಸ್ ಇದಕ್ಕೂ ಜಗ್ಗಲಿಲ್ಲ, ನಾಳೆ ಬಾಗಿಲು ತೆರೆಯಬೇಕಾದೀತೆಂದು ಅವರ ಭಯ. ಏಪ್ರಿಲ್ 11ರಂದು ಸಮಿತಿಯ 17 ಸದಸ್ಯರಲ್ಲಿ 11 ಮಂದಿ ಪರವಾಗಿ ಮತ ಕೊಟ್ಟರು. ಅಧ್ಯಕ್ಷರಾಗಿದ್ದ ಅಮೆರಿಕದ ವಿಲ್ಸನ್, ಸರ್ವಾನುಮತವಿಲ್ಲವೆಂದು ಅದನ್ನು ತಳ್ಳಿಹಾಕಿದರು. ನಮ್ಮ ಶಾಲಾ ನಾಯಕನ ಚುನಾವಣೆಯಲ್ಲಿಯೂ ನಾವು ಹೀಗೆ ಲೆಕ್ಕ ಹಾಕುವುದಿಲ್ಲ.

ನಮ್ಮವರ ಪರವಾಗಿ ವಾದಿಸಿದವರಲ್ಲಿ ಒಬ್ಬ ಮೇಷ್ಟರಿದ್ದರೆಂಬುದು ನಮಗೆ ಹೆಮ್ಮೆ. ತಂಜಾವೂರು ಸೀಮೆಯ ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳು ಮೊದಲು ಮದರಾಸಿನ ತಿರುವಲ್ಲಿಕ್ಕೇಣಿಯ ಹಿಂದೂ ಹೈಸ್ಕೂಲಿನ ಮುಖ್ಯೋಪಾಧ್ಯಾಯರು. 1921ರ ಲಂಡನ್ ಸಮ್ಮೇಳನದಲ್ಲಿ, ಸಾಮ್ರಾಜ್ಯದ ಬೇರೆಡೆ ನೆಲಸಿದ ಭಾರತೀಯರಿಗೆ ಪೌರಹಕ್ಕು ಸಲ್ಲಬೇಕೆಂಬ ನಿರ್ಣಯಕ್ಕಾಗಿ ದುಡಿದರು. ದಕ್ಷಿಣ ಆಫ್ರಿಕ ಮಾತ್ರ ಒಪ್ಪಲಿಲ್ಲ. 1927ರಲ್ಲಿ ಅಲ್ಲಿಗೇ ಭಾರತ ಸರ್ಕಾರದ ಮೊದಲ ಏಜೆಂಟರಾಗಿ ಹೋದರು.

ಮದರಾಸಿನಿಂದ ಹೊರಟ ಟ್ರೂರೋ ಹಡಗು 1860ರ ನವೆಂಬರ್ 16ರಂದು ಮೊದಲ ಕೂಲಿಗಳನ್ನು ಇಳಿಸಿದ್ದು ಅಲ್ಲಿನ ದರ್ಬಾನಿನಲ್ಲಿ. ಅಂಥವರ ಮೊಮ್ಮಕ್ಕಳ ಓದಿಗಾಗಿ ಶಾಸ್ತ್ರಿಗಳು ಹಣ ಕೂಡಿಸಿದರು. ಆ ಊರಿನಲ್ಲಿ 1929ರಲ್ಲಿ ತೆರೆದ ಪ್ರೌಢಶಾಲೆಗೆ ಅವರ ಹೆಸರನ್ನೇ ಇಟ್ಟರು.