ಸಿ.ಡಿ. ವೇಷದ ಮೋಡೆಮ್

ಬೆರಳುದ್ದದ ಪ್ಲಾಸ್ಟಿಕ್ ತುಂಡು, ಒಂದು ತುದಿಯಲ್ಲಿ ಯುಎಸ್‌ಬಿ ಮೂತಿ, ಪಕ್ಕದಲ್ಲಿ ಸಿಮ್ ತೂರಿಸುವ ಸೀಳು. ಡಾಂಗಲ್, ಡೇಟಾ ಕಾರ್ಡ್, ನೆಟ್ ಸೆಟ್ಟರ್ ಎಂದೆಲ್ಲ ಕರೆಸಿಕೊಂಡ ಈ ಸಾಧನದೊಳಗೆ ಇರುವುದು ಪರದೆಯಾಗಲಿ ಕೀಲಿಗಳಾಗಲಿ ಇಲ್ಲದ ಒಂದು ಮೊಬೈಲ್ ಫೋನು. ಅದಕ್ಕೆ ತನ್ನದೇ ಬ್ಯಾಟರಿ ಕೂಡ ಇಲ್ಲ, ಬೇಕಾದ ವಿದ್ಯುತ್ತನ್ನೆಲ್ಲ ಕಂಪ್ಯೂಟರಿನಿಂದಲೇ ಪಡೆಯುತ್ತದೆ. ವಿಂಡೋಸ್ ಗಣಕಕ್ಕೆ ಚುಚ್ಚಿದರೆ ತಾನೇ ಒಂದು ಕಿಟಕಿ ತೆರೆದು ‘ಕನೆಕ್ಟ್’ ಗುಂಡಿ ತೋರಿಸುತ್ತದೆ. ಲಿನಕ್ಸ್ ನೆಟ್‌ಬುಕ್ಕಿಗೆ ಚುಚ್ಚಿದರೆ, ಹಿಂದೆಲ್ಲ, ಪರದೆಯ ಮೇಲೆ ಒಂದು ಸಿ.ಡಿ.ಯ ಚಿತ್ರ ಮೂಡಿ ಅಲ್ಲಿಗೆ ಕಥೆ ನಿಲ್ಲುತ್ತಿತ್ತು. ಡಾಂಗಲ್ ಕೆಟ್ಟಿದೆ ಎಂದೋ ಲಿನಕ್ಸ್ ಅಂದರೆ ಹೀಗೇ ಎಂದೋ ಬಹಳ ಮಂದಿ ಕೈಬಿಟ್ಟದ್ದು ಈ ಹಂತದಲ್ಲಿ. ಎರಡೂ ತಪ್ಪು ತೀರ್ಮಾನ.

ನೆಟ್‌ಬುಕ್ ಎಂಬ ಪುಟ್ಟ ಲ್ಯಾಪ್‌ಟಾಪ್ ಮತ್ತು ಡಾಂಗಲ್ ಬೆಳೆದದ್ದು ಜೊತೆಜೊತೆಗೆ. 2007ರ ಕೊನೆಯಲ್ಲಿ ತೈವಾನಿನ ಆಸುಸ್ ಕಂಪನಿ ಮಾರುಕಟ್ಟೆಗೆ ತಂದ ‘ಈಪಿಸಿ 701’ರಲ್ಲಿ ಇದ್ದದ್ದು ಏಳು ಇಂಚಿನ ಪರದೆ, 512 ಎಂಬಿ ರ‍್ಯಾಮ್, 4 ಜಿಬಿ ಸಂಗ್ರಹ ಮತ್ತು ಜಾಂಡ್ರೋಸ್ ಎಂಬ ಲಿನಕ್ಸ್. ಮರುವರ್ಷ ಏಸರ್ ಕಂಪನಿಯ ‘ಆಸ್ಪೈರ್ ಒನ್’ ಬಂತು, ಅದರಲ್ಲೂ ಲಿನಕ್ಸ್ ಇತ್ತು. ಭಾರತದಲ್ಲಿ ಬಿಎಸ್‌ಎನ್‌ಎಲ್ 2009ರಲ್ಲಿ 3ಜಿ ಸೇವೆ ಆರಂಭಿಸಿತು, ಖಾಸಗಿ ಕಂಪನಿಗಳಿಗೆ ತರಂಗಾಂತರ ಸಿಕ್ಕಿದ್ದು 2010ರ ಹರಾಜಿನಲ್ಲಿ. ಆದರೆ ನೆಟ್‌ಬುಕ್ಕುಗಳಲ್ಲಿ ಸಿ.ಡಿ. ಡ್ರೈವ್ ಇರಲಿಲ್ಲ. ಚಾಲಕ ತಂತ್ರಾಂಶವನ್ನು ಸಿ.ಡಿ.ಯಲ್ಲಿ ಕೊಟ್ಟರೆ ಗ್ರಾಹಕ ಅದನ್ನು ಹಾಕುವುದಾದರೂ ಎಲ್ಲಿ?

ತಯಾರಕರು ಕಂಡುಕೊಂಡ ಉಪಾಯ ಜಾಣತನದ್ದೇ. ಡಾಂಗಲ್ಲಿನೊಳಗೆ ಒಂದಿಷ್ಟು ಮೆಮೊರಿ ಇಟ್ಟು, ಅದರಲ್ಲಿ ವಿಂಡೋಸ್ ಮತ್ತು ಮ್ಯಾಕ್ ತಂತ್ರಾಂಶ ತುಂಬಿದರು. ಚುಚ್ಚಿದ ಕೂಡಲೇ ಡಾಂಗಲ್ ತಾನೊಂದು ಸಿ.ಡಿ. ಡ್ರೈವ್ ಎಂದು ಹೇಳಿಕೊಳ್ಳುತ್ತದೆ. ವಿಂಡೋಸ್ ಆ ‘ಸಿ.ಡಿ.’ಯಿಂದ ತಂತ್ರಾಂಶವನ್ನು ಅನುಸ್ಥಾಪಿಸಿಕೊಳ್ಳುತ್ತದೆ. ಬಳಿಕ ಅದೇ ತಂತ್ರಾಂಶ ಡಾಂಗಲ್ಲಿಗೆ ಒಂದು ಗುಟ್ಟಿನ ಸಂದೇಶ ಕಳಿಸುತ್ತದೆ. ಆಗ ಡಾಂಗಲ್ ಯುಎಸ್‌ಬಿ ಸಂಪರ್ಕವನ್ನು ಒಮ್ಮೆ ಕಡಿದುಕೊಂಡು, ವೇಷ ಕಳಚಿ, ಮೋಡೆಮ್ ಆಗಿ ಮತ್ತೆ ಕಾಣಿಸಿಕೊಳ್ಳುತ್ತದೆ. ಲಿನಕ್ಸಿನಲ್ಲಿ ಆ ಸಂದೇಶ ಕಳಿಸುವವರೇ ಇರಲಿಲ್ಲ. ಹಾಗಾಗಿ ಡಾಂಗಲ್ ಸಿ.ಡಿ.ಯ ವೇಷದಲ್ಲೇ ಕುಳಿತಿರುತ್ತಿತ್ತು.

ಈ ವೇಷಾಂತರವನ್ನು ಕಣ್ಣಾರೆ ನೋಡಬಹುದು. ಪ್ರತಿ ಯುಎಸ್‌ಬಿ ಸಾಧನಕ್ಕೂ ಎರಡು ಗುರುತಿನ ಸಂಖ್ಯೆಗಳಿರುತ್ತವೆ, ಒಂದು ತಯಾರಕನದು, ಇನ್ನೊಂದು ಆ ಮಾದರಿಯದು. ಲಿನಕ್ಸಿನ ಟರ್ಮಿನಲ್ಲಿನಲ್ಲಿ ‘ಎಲ್‌ಎಸ್‌ಯುಎಸ್‌ಬಿ’ ಎಂಬ ಆದೇಶ ಕೊಟ್ಟರೆ ಇವುಗಳ ಪಟ್ಟಿ ಸಿಗುತ್ತದೆ. ಚೀನಾದ ಹುವಾವೇ ಕಂಪನಿಯ ಸಂಖ್ಯೆ 12ಡಿ1. ಅದರ ಹಲವು ಡಾಂಗಲ್ಲುಗಳು ಸಿ.ಡಿ. ವೇಷದಲ್ಲಿದ್ದಾಗ ಮಾದರಿ ಸಂಖ್ಯೆಯಾಗಿ 1446 ಎಂದು ತೋರಿಸುತ್ತವೆ. ಮೋಡೆಮ್ ಆದಾಗ ಅದು 1001 ಅಥವಾ 1436 ಆಗುತ್ತದೆ. ಇಂಥ ಡಾಂಗಲ್ಲುಗಳಲ್ಲಿ ಸಂಖ್ಯೆ ಬದಲಾಗದಿದ್ದರೆ ಮುಂದಿನ ಯಾವ ಸಿದ್ಧತೆಯೂ ವ್ಯರ್ಥ. ಡಾಂಗಲ್ ಕೂಡಿಸುವವರು ಮೊದಲು ಗಮನಿಸಬೇಕಾದದ್ದು ಇದನ್ನೇ.

ಆ ಗುಟ್ಟಿನ ಸಂದೇಶವನ್ನು ಲಿನಕ್ಸಿಗೆ ತಂದುಕೊಟ್ಟದ್ದು ‘ಯುಎಸ್‌ಬಿ ಮೋಡ್‌ಸ್ವಿಚ್’ ಎಂಬ ಪುಟ್ಟ ತಂತ್ರಾಂಶ. ಬರೆದವರು ಯೋಸುವಾ ಡೀಟ್ಸೆ. ವಿಂಡೋಸ್ ತಂತ್ರಾಂಶ ಮತ್ತು ಡಾಂಗಲ್ಲಿನ ನಡುವೆ ಹರಿಯುವ ದತ್ತಾಂಶವನ್ನು ಕದ್ದಾಲಿಸಿ, ಯಾವ ಮಾದರಿಗೆ ಯಾವ ಸಂದೇಶ ಎಂದು ಬಳಕೆದಾರರು ಒಂದೊಂದಾಗಿ ಪತ್ತೆ ಹಚ್ಚಿದರು, ಅವೆಲ್ಲ ಸೇರಿ ಒಂದು ದೊಡ್ಡ ಪಟ್ಟಿಯಾಯಿತು. ಕೆಲವು ಡಾಂಗಲ್ಲುಗಳಿಗೆ ಸಿ.ಡಿ.ಯನ್ನು ಹೊರಹಾಕುವ ಮಾಮೂಲಿ ಆದೇಶವೇ ಸಾಕು. ಹುವಾವೇಯ ಹಲವು ಮಾದರಿಗಳಿಗೆ 31 ಬೈಟುಗಳ ವಿಶೇಷ ಸಂದೇಶ ಬೇಕು. ಅದರ ಮೊದಲ ನಾಲ್ಕು ಬೈಟುಗಳನ್ನು ಅಕ್ಷರಗಳಾಗಿ ಓದಿದರೆ ಯು, ಎಸ್, ಬಿ, ಸಿ ಎಂದಾಗುತ್ತದೆ. ಯುಎಸ್‌ಬಿ ಮೂಲಕ ಡಿಸ್ಕ್‌ಗಳಿಗೆ ಕಳಿಸುವ ಆದೇಶಗಳಿಗೆ ಸಾಮಾನ್ಯವಾಗಿ ಇದೇ ತಲೆಬರಹ. ಅಂದರೆ ಡಾಂಗಲ್ಲನ್ನು ಎಬ್ಬಿಸುವ ಮಂತ್ರ ಕೂಡ ಡಿಸ್ಕಿನ ಭಾಷೆಯಲ್ಲೇ ಇದೆ. ತಯಾರಕರು ಒಂದು ಪುಟದ ವಿವರಣೆ ಪ್ರಕಟಿಸಿದ್ದರೆ ಮುಗಿಯುತ್ತಿದ್ದ ಕೆಲಸ ಇದು. ಅದನ್ನು ಸ್ವಯಂಸೇವಕರು ಮಾಡಿ ಮುಗಿಸಿದ್ದು ದೊಡ್ಡ ಉಪಕಾರ. ಈಗಿನ ಬಹುತೇಕ ಲಿನಕ್ಸ್ ಆವೃತ್ತಿಗಳಿಗೆ ಈ ತಂತ್ರಾಂಶ ಸುಲಭವಾಗಿ ಸಿಗುತ್ತದೆ. ಅದು ಇದ್ದರೆ ಡಾಂಗಲ್ ಚುಚ್ಚಿದ ಕ್ಷಣವೇ ವೇಷಾಂತರ ತಾನಾಗಿ ನಡೆದುಹೋಗುತ್ತದೆ.

ವೇಷ ಕಳಚಿದ ಮೇಲೆ ಲಿನಕ್ಸ್ ಕರ್ನೆಲ್ಲಿನ ‘ಆಪ್ಷನ್’ ಎಂಬ ಚಾಲಕ ಡಾಂಗಲ್ಲನ್ನು ವಹಿಸಿಕೊಳ್ಳುತ್ತದೆ. ಹೆಸರು ವಿಚಿತ್ರವೆನಿಸಿದರೂ ಅದು ಬಂದದ್ದು ಡೇಟಾ ಕಾರ್ಡ್ ತಯಾರಿಸುತ್ತಿದ್ದ ಬೆಲ್ಜಿಯಂನ ಆಪ್ಷನ್ ಕಂಪನಿಯಿಂದ. 2005ರಲ್ಲಿ ಆ ಕಾರ್ಡಿಗಾಗಿ ಬರೆದ ಚಾಲಕ ಕಾಲಕ್ರಮದಲ್ಲಿ ಬೇರೆ ನೂರಾರು ಮಾದರಿಗಳಿಗೂ ಆಸರೆಯಾಯಿತು. ಇದು ಒಂದೇ ಡಾಂಗಲ್ಲಿನಿಂದ ಎರಡು ಮೂರು ಸೀರಿಯಲ್ ಪೋರ್ಟುಗಳನ್ನು ಹೊರತೆಗೆಯುತ್ತದೆ. ಅವುಗಳ ಹೆಸರು ಟಿಟಿವೈ ಯುಎಸ್‌ಬಿ 0, 1, 2 ಹೀಗೆ. ‘ಟಿಟಿವೈ’ ಎಂಬುದು ಟೆಲಿಟೈಪ್ ಯಂತ್ರಗಳ ಕಾಲದಿಂದ ಉಳಿದುಬಂದ ಸಂಕ್ಷೇಪ. ಸಾಮಾನ್ಯವಾಗಿ ಮೊದಲನೆಯದರಲ್ಲಿ ಇಂಟರ್‌ನೆಟ್ ದತ್ತಾಂಶ ಹರಿಯುತ್ತದೆ, ಇನ್ನೊಂದರಲ್ಲಿ ಸಿಗ್ನಲ್ ಎಷ್ಟಿದೆ, ಎಸ್‌ಎಂಎಸ್ ಬಂತೇ ಎಂಬ ವರದಿಗಳು ಬರುತ್ತವೆ.

ಪೋರ್ಟಿನಲ್ಲಿ ಆಡುವ ಮಾತು ಇನ್ನೂ ಹಳೆಯದು. 1981ರಲ್ಲಿ ಅಮೆರಿಕದ ಹೇಯ್ಸ್ ಕಂಪನಿ ತನ್ನ ಸ್ಮಾರ್ಟ್‌ಮೋಡೆಮ್‌ಗೆ ರೂಪಿಸಿದ ಆದೇಶಗಳ ಭಾಷೆಯನ್ನೇ 3ಜಿ ಡಾಂಗಲ್ಲುಗಳೂ ಬಳಸುತ್ತವೆ. ಪ್ರತಿ ಆದೇಶವೂ ‘ಎಟಿ’ ಎಂದು ಆರಂಭವಾಗುತ್ತದೆ. ‘ಇತ್ತ ಗಮನಿಸು’ ಎಂಬ ಅರ್ಥದ ಇಂಗ್ಲಿಷ್ ಪದದ ಮೊದಲ ತುಣುಕು ಅದು. ಬರೀ ‘ಎಟಿ’ ಎಂದರೆ ಡಾಂಗಲ್ ‘ಓಕೆ’ ಎನ್ನುತ್ತದೆ. ‘ಎಟಿ+ಸಿಪಿಐಎನ್?’ ಎಂದು ಕೇಳಿದರೆ ಸಿಮ್ ಸಿದ್ಧವಿದೆಯೇ, ಪಿನ್ ಸಂಖ್ಯೆ ಬೇಕೇ ಎಂದು ತಿಳಿಸುತ್ತದೆ. ‘ಎಟಿ+ಸಿಎಸ್‌ಕ್ಯು’ಗೆ ಬರುವ ಉತ್ತರ 0ಯಿಂದ 31ರವರೆಗಿನ ಒಂದು ಅಂಕಿ, ಅದು ಸಿಗ್ನಲ್ಲಿನ ಬಲ. 99 ಬಂದರೆ ಸಿಗ್ನಲ್ ಅಳೆಯಲು ಆಗಿಲ್ಲವೆಂದು ಅರ್ಥ.

ಇನ್ನು ಉಳಿದದ್ದು ಎರಡು ವಿಷಯ. ಮೊದಲನೆಯದು ಎಪಿಎನ್. ಮೊಬೈಲ್ ಜಾಲದಿಂದ ಇಂಟರ್‌ನೆಟ್ಟಿಗೆ ಹೋಗುವ ಬಾಗಿಲಿನ ಹೆಸರು ಅದು. ಬಿಎಸ್‌ಎನ್‌ಎಲ್ ಸಿಮ್‌ಗೆ ‘ಬಿಎಸ್‌ಎನ್‌ಎಲ್‌ನೆಟ್’, ಏರ್‌ಟೆಲ್‌ಗೆ ‘ಏರ್‌ಟೆಲ್‌ಜಿಪಿಆರ್‌ಎಸ್.ಕಾಮ್’. ಒಂದಕ್ಷರ ತಪ್ಪಿದರೂ ಸಂಪರ್ಕ ಸಿಗದು. ಎರಡನೆಯದು ಡಯಲ್ ಮಾಡುವ ಸಂಖ್ಯೆ, *99#. ಇದು ಯಾರದೋ ದೂರವಾಣಿ ಸಂಖ್ಯೆಯಲ್ಲ, ‘ದತ್ತಾಂಶ ಸಂಪರ್ಕ ಕೊಡು’ ಎಂದು ಡಾಂಗಲ್ಲಿಗೇ ಹೇಳುವ ಸಂಕೇತ. ಸಿಡಿಎಂಎ ತಂತ್ರಜ್ಞಾನದ ಡಾಂಗಲ್ಲುಗಳಲ್ಲಿ ಇದರ ಬದಲಿಗೆ #777 ಇತ್ತು.

ಡಾಂಗಲ್ ‘ಕನೆಕ್ಟ್’ ಎಂದ ಮೇಲೆ ಪಿಪಿಪಿ ಎಂಬ ನಿಯಮಾವಳಿಯ ಮಾತುಕತೆ ನಡೆದು ನೆಟ್‌ಬುಕ್ಕಿಗೆ ಐಪಿ ವಿಳಾಸ ಸಿಗುತ್ತದೆ. ಇಲ್ಲೊಂದು ಸ್ವಾರಸ್ಯವಿದೆ. ತಂತಿಯ ಡಯಲ್‌ಅಪ್ ಕಾಲದಲ್ಲಿ ಈ ಮಾತುಕತೆ ನಡೆಯುತ್ತಿದ್ದುದು ದೂರದ ಸೇವಾ ಕಂಪನಿಯ ಗಣಕದೊಡನೆ. ಡಾಂಗಲ್ಲಿನಲ್ಲಾದರೋ ಪಿಪಿಪಿ ಯುಎಸ್‌ಬಿ ಮೂತಿ ದಾಟಿ ಡಾಂಗಲ್ಲಿನ ಒಳಗೇ ಮುಗಿದುಹೋಗುತ್ತದೆ, ಗಾಳಿಯಲ್ಲಿ ಹೋಗುವುದು ಬೇರೆಯದೇ ವ್ಯವಸ್ಥೆ. ಬಳಕೆದಾರನ ಗುರುತನ್ನು ಸಿಮ್ಮೇ ಹೇಳುವುದರಿಂದ ಹೆಚ್ಚಿನ ಕಂಪನಿಗಳು ಹೆಸರು, ಪಾಸ್‌ವರ್ಡ್‌ಗಳನ್ನು ನೋಡುವುದೇ ಇಲ್ಲ. ಆದರೆ ‘ಡಬ್ಲ್ಯುವಿಡಯಲ್’ ಎಂಬ ಜನಪ್ರಿಯ ಡಯಲ್ ತಂತ್ರಾಂಶ ಆ ಎರಡು ಸಾಲುಗಳನ್ನು ಖಾಲಿ ಬಿಡಲು ಒಪ್ಪದು. ಅಲ್ಲಿ ಯಾವುದಾದರೂ ಒಂದು ಪದ ಬರೆದರೆ ಕೆಲಸ ನಡೆಯುತ್ತದೆ. ಸಂಪರ್ಕವಾದಾಗ ಎದುರು ತುದಿಯ ವಿಳಾಸ 10.64.64.64 ಎಂದು ಕಾಣುವುದೂ ಪಿಪಿಪಿ ಡಾಂಗಲ್ಲಿನೊಳಗೇ ಮುಗಿಯುವುದರಿಂದಲೇ. ಡಾಂಗಲ್ ತನ್ನ ಕಡೆಯ ವಿಳಾಸ ಹೇಳದಿದ್ದಾಗ ಲಿನಕ್ಸ್ ತಾನೇ ತುಂಬಿಕೊಳ್ಳುವ ಹುಸಿ ವಿಳಾಸ ಅದು, ದೋಷವಲ್ಲ.

ಇಷ್ಟನ್ನೂ ಕೈಯಾರೆ ಮಾಡುವ ಅಗತ್ಯ 2008ರಿಂದ ಈಚೆಗೆ ಕಡಿಮೆಯಾಗುತ್ತ ಬಂತು. ಆ ವರ್ಷದ ಅಕ್ಟೋಬರಿನಲ್ಲಿ ಬಂದ ಉಬುಂಟು 8.10 ಲಿನಕ್ಸಿನ ನೆಟ್‌ವರ್ಕ್ ಮ್ಯಾನೇಜರ್ ಮೊಬೈಲ್ ಬ್ರಾಡ್‌ಬ್ಯಾಂಡನ್ನು ಅರಿತಿತ್ತು. ದೇಶ, ಕಂಪನಿ ಆರಿಸಿದರೆ ಎಪಿಎನ್ ತಾನೇ ತುಂಬಿಕೊಳ್ಳುತ್ತಿತ್ತು. ಮುಂದೆ ಮೋಡೆಮ್ ಮ್ಯಾನೇಜರ್ ಎಂಬ ಜೊತೆಗಾರ ಎಟಿ ಸಂಭಾಷಣೆಯ ಹೊಣೆ ಹೊತ್ತಿತು. ಅದು ಎಲ್ಲ ಪೋರ್ಟುಗಳನ್ನೂ ಮಾತಾಡಿಸಿ ನೋಡುವುದರಿಂದ ಪರದೆಯ ಮೇಲೆ ಡಾಂಗಲ್ ಕಾಣಿಸಿಕೊಳ್ಳಲು ತುಸು ಹೊತ್ತು ಹಿಡಿಯುತ್ತದೆ. ಅದು ಪೋರ್ಟನ್ನು ಹಿಡಿದುಕೊಂಡಿರುವಾಗಲೇ ಡಬ್ಲ್ಯುವಿಡಯಲ್ ನಡೆಸಿದರೆ ಇಬ್ಬರಿಗೂ ಜಗಳ ಹತ್ತುತ್ತದೆ. ಯಾವುದಾದರೂ ಒಂದನ್ನು ಮಾತ್ರ ಬಳಸುವುದು ಕ್ಷೇಮ.

ತಂತ್ರಾಂಶವೆಲ್ಲ ಸರಿಯಿದ್ದೂ ಸಂಪರ್ಕ ಕಡಿಯುತ್ತಿದ್ದರೆ ಸಂಶಯಪಡಬೇಕಾದದ್ದು ವಿದ್ಯುತ್ತನ್ನು. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ ಗರಿಷ್ಠ ಪ್ರವಾಹ 500 ಮಿಲಿಆಂಪಿಯರ್. ಟವರ್ ದೂರವಿದ್ದಷ್ಟೂ ಡಾಂಗಲ್ ಹೆಚ್ಚು ಬಲದಿಂದ ಕೂಗಬೇಕಾಗುತ್ತದೆ, ಆಗ ಅದರ ಬೇಡಿಕೆ ಈ ಮಿತಿಯನ್ನು ಮುಟ್ಟುತ್ತದೆ. ಗುಡ್ಡಗಳ ನಡುವಿನ ಮಲೆನಾಡಿನ ಮನೆಗಳಲ್ಲಿ ಡಾಂಗಲ್ಲನ್ನು ಯುಎಸ್‌ಬಿ ತಂತಿಗೆ ಸಿಕ್ಕಿಸಿ ಕಿಟಕಿಗೋ ಅಟ್ಟಕ್ಕೋ ಏರಿಸುವುದು ಒಳ್ಳೆಯ ಉಪಾಯವೇ. ತಂತಿ ಮಾತ್ರ ಐದು ಮೀಟರು ಮೀರಬಾರದು, ತೆಳುವಾದ ಅಗ್ಗದ ತಂತಿಯೂ ಆಗಬಾರದು. ಹುವಾವೇ ಡಾಂಗಲ್ಲಿನ ದೀಪ ಹಸಿರಾಗಿ ಮಿಣುಕಿದರೆ ಸಿಕ್ಕಿರುವುದು 2ಜಿ, ನೀಲಿಯಾದರೆ 3ಜಿ. ಪಿನ್ ಬೀಗವಿದ್ದರೆ ಸಿಮ್ಮನ್ನು ಮೊದಲು ಫೋನಿಗೆ ಹಾಕಿ ಬೀಗ ತೆಗೆದಿಡುವುದು ಲೇಸು. ಮೂರು ಸಲ ತಪ್ಪು ಪಿನ್ ಹೋದರೆ ಸಿಮ್ ಪಿಯುಕೆ ಸಂಖ್ಯೆ ಕೇಳುತ್ತದೆ.

ನಂತರದ ಕೆಲವು ಡಾಂಗಲ್ಲುಗಳು ಮೋಡೆಮ್ ರೂಪವನ್ನೂ ಬಿಟ್ಟವು. ಹುವಾವೇಯ ‘ಹೈಲಿಂಕ್’ ಮಾದರಿಗಳು ತಾವೇ ಪುಟ್ಟ ರೌಟರ್ ಆಗಿ, ಲಿನಕ್ಸಿಗೆ ಬರೀ ಒಂದು ನೆಟ್‌ವರ್ಕ್ ಕಾರ್ಡಿನಂತೆ ಕಾಣುತ್ತವೆ. ಡಯಲ್ ಮಾಡುವ ಕೆಲಸ ಒಳಗೇ ಮುಗಿದಿರುತ್ತದೆ. ಸಿ.ಡಿ. ವೇಷ ಮಾತ್ರ ಅವುಗಳಲ್ಲೂ ಉಳಿಯಿತು.

ಹಳೆಯ ನೆಟ್‌ಬುಕ್ಕಿಗೆ ಹಳೆಯ ಡಾಂಗಲ್ ಹುಡುಕುವವರು ಒಂದು ಮಾತನ್ನು ನೆನಪಿಡಬೇಕು. 2016ರಲ್ಲಿ ಬಂದ ಜಿಯೊ ಜಾಲದಲ್ಲಿ 3ಜಿ ಎಂದೂ ಇರಲಿಲ್ಲ, ಉಳಿದ ಖಾಸಗಿ ಕಂಪನಿಗಳೂ 3ಜಿಯನ್ನು ಮುಚ್ಚುತ್ತ ಬಂದಿವೆ. ಹಾಗಾಗಿ ಕೊಳ್ಳುವುದಾದರೆ 4ಜಿ ಡಾಂಗಲ್ಲನ್ನೇ ಕೊಳ್ಳಬೇಕು, ಅದು ಒಂದೇ ಕಂಪನಿಯ ಸಿಮ್‌ಗೆ ಬೀಗ ಹಾಕಿದ್ದಲ್ಲ ಎಂದು ಅಂಗಡಿಯಲ್ಲೇ ಖಚಿತಪಡಿಸಿಕೊಳ್ಳಬೇಕು. ನೆಟ್‌ಬುಕ್ಕಿನ ಚಿಂತೆ ಬೇಡ. ಮೊದಲ ತಲೆಮಾರಿನ ಆಟಮ್ ಚಿಪ್ಪಿನ 32 ಬಿಟ್ ಗಣಕಗಳಲ್ಲಿ ಡೆಬಿಯನ್ 12 ಎಂಬ ಲಿನಕ್ಸ್ ನಡೆಯುತ್ತದೆ, ಯುಎಸ್‌ಬಿ ಮೋಡ್‌ಸ್ವಿಚ್ ಅದರ ಭಂಡಾರದಲ್ಲೇ ಇದೆ.