ಮನೆ ಬಿಡದೆ ಅಲ್ಪಸಂಖ್ಯಾತರಾದವರು

ಬಸರಾಳು ಸೀಮೆಯ ಕಥೋಲಿಕರಾದ ನಾವು ಧರ್ಮದಲ್ಲಿ ಅಲ್ಪಸಂಖ್ಯಾತರು, ಭಾಷೆಯಲ್ಲಿ ಬಹುಸಂಖ್ಯಾತರು. ಅಲ್ಪಸಂಖ್ಯಾತರ ಹಕ್ಕು ಎಂದೊಡನೆ ಸಂವಿಧಾನದ 30ನೆಯ ವಿಧಿಯೂ ನಮ್ಮ ಶಾಲೆಗಳೂ ನೆನಪಾಗುತ್ತವೆ. ಆ ವಿಧಿ ಧರ್ಮದ ಜೊತೆಗೆ ಭಾಷೆಯನ್ನೂ ಹೆಸರಿಸಿದೆ. ನಾವು ಅರ್ಧವನ್ನಷ್ಟೇ ಓದಿಕೊಳ್ಳುತ್ತೇವೆ. ವಿಶ್ವಸಂಸ್ಥೆಯು 1992ರ ಡಿಸೆಂಬರ್ 18ರಂದು ಅಂಗೀಕರಿಸಿದ ಅಲ್ಪಸಂಖ್ಯಾತರ ಹಕ್ಕುಗಳ ಘೋಷಣೆಯೂ ಎರಡನ್ನೂ ಹೇಳುತ್ತದೆ. ಸಾಧ್ಯವಿರುವೆಡೆಯಲ್ಲೆಲ್ಲ ಮಾತೃಭಾಷೆಯ ಕಲಿಕೆಗೆ ತಕ್ಕ ಅವಕಾಶವಿರಬೇಕೆಂಬುದು ಅದರ ಆಶಯ. 'ಸಾಧ್ಯವಿರುವೆಡೆ' ಎಂಬಲ್ಲಿ ಸರಕಾರಗಳಿಗೆ ನುಣುಚಿಕೊಳ್ಳಲು ಬೇಕಾದಷ್ಟು ಎಡೆಯುಂಟು. ಘೋಷಣೆಗೆ ಕಾನೂನಿನ ಬಲವೂ ಇಲ್ಲ.

ಇದರ ತೂಕವನ್ನು ಅರಿತವರು ಕಾಸರಗೋಡಿನ ಕನ್ನಡಿಗರು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಅವರ ಊರು ಕೇರಳದ ಪಾಲಾಯಿತು. ಮನೆಯಿಂದ ಕದಲದೆಯೇ ಅವರು ಅಲ್ಪಸಂಖ್ಯಾತರಾದರು. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸುವಂತೆ ರಾಜ್ಯಗಳಿಗೆ ವಿಧಿಸುತ್ತದೆ, ಅದೂ ವಿಶ್ವಸಂಸ್ಥೆಯ ಘೋಷಣೆಗಿಂತ 36 ವರ್ಷ ಮೊದಲೇ. ಆದರೂ 2017ರಲ್ಲಿ ಕೇರಳವು ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸಿದಾಗ ಅವರು ಬೀದಿಗಿಳಿಯಬೇಕಾಯಿತು. ಕನ್ನಡ ತರಗತಿಗೆ ಕನ್ನಡವರಿಯದ ಶಿಕ್ಷಕರು ಬಂದಾಗಲೂ ಪೋಷಕರು ಪ್ರತಿಭಟಿಸಿದ್ದಾರೆ.

ಕಾಸರಗೋಡಿಗಾಗಿ ನಾವು ಮರುಗುವುದು ಸಹಜ. ಆದರೆ ನಮ್ಮ ರಾಜ್ಯದ ತಮಿಳು, ಉರ್ದು, ಮರಾಠಿ ಮನೆಮಾತಿನ ಮಕ್ಕಳಿಗೂ ಅನ್ವಯವಾಗುವುದು ಅದೇ 350ಎ. ಅದನ್ನು ಹಿಡಿದು ಅವರ ತಂದೆತಾಯಿಯರು ನಮ್ಮ ಶಾಲೆಯ ಬಾಗಿಲಿಗೇ ಬರಬಹುದು.